ಎಂಜಿನ್ ಬಿಚ್ಚುವ ಮೊದಲು

ನನ್ನ ತಮ್ಮ ಚಿದಾನಂದಪ್ಪ ಲಿಂಗೈಕ್ಯನಾದ ಸುದ್ದಿ ಬಂದದ್ದು ಶ್ರಾವಣದ ಅಮಾವಾಸ್ಯೆ ಕಳೆದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದೂವರೆಗೆ. ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದೆ. ಒಳಗೆ ತಮ್ಮನ ಹೆಂಡತಿ ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಫೋನಿನಲ್ಲಿ ಅವರ ಮಗ ಸಿದ್ದಲಿಂಗೇಶನ ಧ್ವನಿ: "ದೊಡ್ಡಪ್ಪ, ಅಪ್ಪ ಹೋದ." ಅಷ್ಟೇ ಹೇಳಿದ. ರೊಟ್ಟಿಯ ಸದ್ದು ತಾನಾಗಿ ನಿಲ್ಲುವವರೆಗೆ ನಾನು ಏಳಲಿಲ್ಲ. ನಿಂತ ಮೇಲೆ ಎದ್ದು ಒಳಗೆ ಹೋದೆ.

ನಮ್ಮ ಗದ್ದೆ ಇರುವುದು ಸಿರುಗುಪ್ಪದ ಆಚೆ, ಕಾಲುವೆಯ ಪಕ್ಕದಲ್ಲಿ. ಮಳೆಗಾಲದಲ್ಲಿ ಆ ದಾರಿಯೆಲ್ಲ ಎರೆಮಣ್ಣಿನ ಕೆಸರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ನಮ್ಮ ಹಳೆಯ ಜೀಪು ಮತ್ತು ಟ್ರ್ಯಾಕ್ಟರುಗಳನ್ನು ಬಿಟ್ಟರೆ ಬೇರೆ ಗಾಡಿ ಅಲ್ಲಿಗೆ ಇಳಿಯುವುದಿಲ್ಲ. ಆ ದಿನ ಗೊಬ್ಬರ ಹಾಕಿಸಲು ಹೋಗಿದ್ದ ತಮ್ಮ ಹತ್ತು ಗಂಟೆಗೆ ಮಗನಿಗೆ ಫೋನ್ ಮಾಡಿದ್ದ. "ಎದಿಯಾಗ ಹಿಂಡಿದಂಗ ಆಗೈತಿ. ಸಿರುಗುಪ್ಪ ದವಾಖಾನಿಗೆ ಹೊಂಟೀನಿ, ನೀ ಅಲ್ಲಿಗೇ ಬಾ." ಕಾಲು ಗಂಟೆಯ ನಂತರ ಮತ್ತೊಮ್ಮೆ ಮಾಡಿದ. "ಗಾಡಿ ಕುದ್ದು ನಿಂತೈತಿ." ಆಮೇಲೆ ಫೋನ್ ಎತ್ತಲಿಲ್ಲ. ಗದ್ದೆಗೆ ಹೊರಟಿದ್ದ ಒಂದು ಟ್ರ್ಯಾಕ್ಟರಿನವರು ನೋಡಿದಾಗ ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿ ಕುಳಿತಿದ್ದನಂತೆ. ಜೀಪಿನ ಮುಂಭಾಗದಿಂದ ಇನ್ನೂ ಹಬೆ ಏಳುತ್ತಿತ್ತಂತೆ.

ವೈದ್ಯರು ಒಂದೇ ಮಾತು ಹೇಳಿದರು: ಅರ್ಧ ತಾಸು ಮೊದಲು ತಂದಿದ್ದರೆ ಪ್ರಯತ್ನ ಮಾಡಬಹುದಿತ್ತು.

ಕುರುಗೋಡಿನ ಹೊಲದಲ್ಲಿ ಅವನನ್ನು ಮಣ್ಣಿಗೆ ಇಟ್ಟೆವು. ಬಂದವರೆಲ್ಲ ಶಿವನ ಇಚ್ಛೆ ಎಂದರು, ಹೃದಯದ ಕಾಯಿಲೆ ಎಂದರು. ಜೀಪು ಯಾಕೆ ನಿಂತಿತು ಎಂದು ಒಬ್ಬರೂ ಕೇಳಲಿಲ್ಲ. ಹಳೆಯ ಗಾಡಿ, ನಿಂತಿತು.

ಜೀಪನ್ನು ಬಳ್ಳಾರಿಗೆ ಎಳೆದೊಯ್ಯುವ ದಿನ ಸಿದ್ದಲಿಂಗೇಶನ ಜೊತೆಗೆ ನಾನೂ ಕಾಲುವೆಯ ದಾರಿಗೆ ಹೋದೆ. ಅವನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟುತ್ತಿದ್ದಾಗ, ಯಾಕೋ ಕೈ ತಡೆಯಲಿಲ್ಲ, ಜೀಪಿನ ಬಾನೆಟ್ಟು ಎತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಒಳಗೆ ನೀರಿರಲಿಲ್ಲ. ಬಾಯಿಯ ಸುತ್ತ ಬೂದುಬಣ್ಣದ ಕೆನೆ ಗಟ್ಟಿಯಾಗಿ ಕೂತಿತ್ತು. ಬೆರಳು ಹಚ್ಚಿ ನೋಡಿದೆ. ಎಪ್ಪತ್ತು ವರ್ಷದಿಂದ ಪ್ರತಿದಿನ ಹಣೆಗೆ ಹಚ್ಚಿದ್ದನ್ನು ಬೆರಳು ಮರೆಯುವುದಿಲ್ಲ. ಅದು ವಿಭೂತಿ. ಟವೆಲಿನಿಂದ ಒರೆಸಿ, ಮುಚ್ಚಳ ಬಿಗಿದು, ಟವೆಲನ್ನು ಕಾಲುವೆಗೆ ಬಿಟ್ಟೆ.

ಅದನ್ನು ಹಾಕಿದವನು ನಾನು.

ನಮ್ಮ ಕಡೆ ಅಮಾವಾಸ್ಯೆ ಬಂದರೆ ಗಾಡಿ ತೊಳೆದು ಪೂಜೆ ಮಾಡುತ್ತೇವೆ. ಮುಂದಿನ ಗಾಜಿಗೆ ವಿಭೂತಿ, ಚಕ್ರಕ್ಕೆ ನಿಂಬೆಹಣ್ಣು, ಒಂದು ಕಾಯಿ. ಇದು ಎಲ್ಲರೂ ಮಾಡುವುದು. ನಾನು ಅದಕ್ಕೆ ಇನ್ನೊಂದು ಸೇರಿಸಿದ್ದೆ. ಸಿರುಗುಪ್ಪದಿಂದ ತರಿಸಿಟ್ಟ ತುಂಗಭದ್ರೆಯ ನೀರನ್ನು ಒಂದು ಚೊಂಬಿನಲ್ಲಿ ತೆಗೆದುಕೊಂಡು, ಅದಕ್ಕೆ ಮಠದ ವಿಭೂತಿ ಕಲಸಿ, ಮಂತ್ರ ಹೇಳಿ ರೇಡಿಯೇಟರಿಗೆ ಸುರಿಯುತ್ತಿದ್ದೆ. ಗಾಡಿಯ ಹೊರಗೆ ದೇವರಿದ್ದು ಒಳಗೆ ಇಲ್ಲದಿದ್ದರೆ ಹೇಗೆ ಎಂಬುದು ನನ್ನ ತರ್ಕ. ಹನ್ನೆರಡು ವರ್ಷ ಮಾಡಿದೆ. ಒಮ್ಮೆ ತಮ್ಮ ನಗುತ್ತಾ ಹೇಳಿದ್ದ: "ಅಣ್ಣಾ, ಅದರ ಹಣಿಗೆ ಹಚ್ಚು, ಸಾಕು. ಹೊಟ್ಟಿಗೆ ಬ್ಯಾಡ. ಅದಕ್ಕ ಅರಗಂಗಿಲ್ಲ." ನಾನು ಬೈದೆ. ನಾಲ್ಕು ಅಕ್ಷರ ಕಲಿತು ಗಾಡಿ ಓಡಿಸಿದ ಕೂಡಲೇ ವಿಭೂತಿಯ ಮಹಿಮೆ ನಿನಗೆ ಗೊತ್ತಾಯಿತೇ ಎಂದೆ. ಅವನು ತಲೆ ತಗ್ಗಿಸಿದ. ಅರವತ್ತು ವರ್ಷದ ಮನುಷ್ಯ, ಅಣ್ಣನ ಎದುರು ತಲೆ ತಗ್ಗಿಸಿದ. ಮತ್ತೆ ಆ ಮಾತು ಎತ್ತಲಿಲ್ಲ.

ಬಳ್ಳಾರಿಯಲ್ಲಿ ಭೀಮರಾಜನೆಂಬ ಮೆಕ್ಯಾನಿಕ್ ಇದ್ದಾನೆ. ಜೀಪನ್ನು ಮೊದಲಿನಿಂದ ನೋಡಿಕೊಂಡವನು ಅವನೇ. ಜೀಪು ಅಲ್ಲಿಗೆ ಸೇರಿದ ನಾಲ್ಕನೆಯ ದಿನ ನಾನೂ ಸಿದ್ದಲಿಂಗೇಶನೂ ಹೋದೆವು. ಅವನು ಎಂಜಿನ್ನನ್ನು ಕೈಯಿಂದ ತಿರುಗಿಸಲು ನೋಡಿ, ಅದು ಅಲುಗದಿದ್ದಾಗ ನಮ್ಮ ಕಡೆ ತಿರುಗಿದ.

"ಹಿಡಕೊಂಡೈತ್ರಿ ಮೇಷ್ಟ್ರೆ. ಎರಡು ದಾರಿ ಅದಾವು. ಇದನ್ನ ಪೂರ್ತಿ ಬಿಚ್ಚಿ, ಸಿಲಿಂಡರ್ ಬೋರ್ ಮಾಡ್ಸಿ, ಪಿಸ್ಟನ್ನು, ರಿಂಗು, ಬೇರಿಂಗು ಹೊಸಾವು ಹಾಕಿ ಕಟ್ಟೋದು ಒಂದು. ತಿಂಗಳು ಹಿಡಿತೈತಿ. ಇಲ್ಲಂದ್ರ ಗುಜರಿಯಾಗ ಇಂಥದೇ ಎಂಜಿನ್ ಸಿಗ್ತಾವು, ತಂದು ಕೂಡಿಸೋದು. ನಾಕು ದಿನದ ಕೆಲಸ."

"ಹಳೇದು?"

"ಹಳೇದು ಹಂಗೇ ತೂಕಕ್ಕ ಹೋಗ್ತೈತಿ."

"ಬಿಚ್ಚದೇನೇ?" ಎಂದೆ.

"ಭಟ್ಟಿಗೆ ಹೋಗೋದನ್ನ ಬಿಚ್ಚಿ ಏನ್ ನೋಡೋದ್ರಿ?"

ನಾಲ್ಕು ದಿನಗಳಿಂದ ಎದೆಯೊಳಗಿದ್ದ ಕಲ್ಲು ಸ್ವಲ್ಪ ಸರಿದಂತಾಯಿತು. "ಹಂಗಾದ್ರ ಬೇರೇದೇ ಹಾಕು" ಎಂದೆ.

ಸಿದ್ದಲಿಂಗೇಶ ಒಪ್ಪಲಿಲ್ಲ. ಇಪ್ಪತ್ತೆಂಟರ ಹುಡುಗ, ಗದ್ದೆಯ ಕೆಲಸವೆಲ್ಲ ಈಗ ಅವನ ತಲೆಯ ಮೇಲೆ. "ಅಪ್ಪ ಇಪ್ಪತ್ತೆರಡು ವರ್ಷ ಓಡಿಸಿದ ಎಂಜಿನ್ನು ದೊಡ್ಡಪ್ಪ. ಅದರ ಸದ್ದು ಕೇಳಿ ಅವ್ವ ಅಗಸಿ ಬಾಗಲಾ ತಗ್ಯಾಕಿ. ಕಟ್ಟಿಸೋಣು. ಹೋಗ್ಲಿ, ಅದು ಯಾಕ ಕುದೀತು ಅನ್ನೋದಾದ್ರೂ ಗೊತ್ತಾಗಬೇಕಲ್ಲ."

"ಗೊತ್ತಾದ್ರ ಏನಾಗೂದೈತಿ? ನಿಮ್ಮಪ್ಪ ಎದ್ದು ಬರ್ತಾನೇನು?"

ಅಷ್ಟು ಒರಟಾಗಿ ನಾನು ಅವನೊಡನೆ ಎಂದೂ ಮಾತಾಡಿರಲಿಲ್ಲ. ಭೀಮರಾಜ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಒರೆಸುತ್ತಾ, "ಗಣಾರಾಧನಿ ಮುಗೀಲಿ, ನಿಧಾನ ಯೋಚನಿ ಮಾಡ್ರಿ. ಎಂಜಿನ್ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದ.

ಅದೇ ನನ್ನ ಭಯವಾಗಿತ್ತು. ಅದು ಎಲ್ಲಿಗೂ ಹೋಗದೆ ಅಲ್ಲೇ ಕುಳಿತಿತ್ತು. ಹನ್ನೊಂದನೆಯ ದಿನದ ಗಣಾರಾಧನೆಯಲ್ಲಿ ಜಂಗಮರ ಪಾದ ತೊಳೆಯುವಾಗ ನನ್ನ ಕಿವಿ ಸಿದ್ದಲಿಂಗೇಶನ ಫೋನಿನ ಕಡೆಗಿತ್ತು. ಫೋನ್ ಸದ್ದಾದರೆ ಭೀಮರಾಜನೇ ಇರಬೇಕು, ಬಿಚ್ಚಿರಬೇಕು, ಕಂಡಿರಬೇಕು ಎನಿಸುತ್ತಿತ್ತು. ಅಡುಗೆಮನೆಯಲ್ಲಿ ಎಸರು ಕುದಿಯುವ ಸದ್ದಿಗೆ ಎದ್ದು ಹೊರಗೆ ಹೋಗುತ್ತಿದ್ದೆ. ಬೆಳಿಗ್ಗೆ ವಿಭೂತಿಗೆ ಬೆರಳಿಟ್ಟರೆ ಅದು ಹಸಿಯಾಗಿ, ಬೆಚ್ಚಗೆ ತಗುಲುತ್ತಿತ್ತು. ದೊಡ್ಡಬಸವೇಶ್ವರನ ಗುಡಿಗೆ ಹೋದೆ. ಅಷ್ಟು ದೊಡ್ಡ ಬಸವಣ್ಣನ ಎದುರು ನಿಂತು, ಆ ಕಣ್ಣುಗಳನ್ನು ನೋಡಲಾರದೆ ಅವನ ಗೊರಸನ್ನಷ್ಟೇ ನೋಡಿ ಬಂದೆ. ದೇವರೇ, ಆ ಎಂಜಿನ್ ಬಿಚ್ಚದ ಹಾಗೆ ಮಾಡು ಎಂದು ಬೇಡಿಕೊಂಡೆ. ಇಂಥ ಪ್ರಾರ್ಥನೆ ಯಾವ ಭಕ್ತನೂ ಮಾಡಬಾರದು.

ಮನೆಯಲ್ಲಿ ದಿನವೂ ಒತ್ತಾಯಿಸಿದೆ. ಗದ್ದೆಗೆ ಹೋಗಲು ಗಾಡಿ ಇಲ್ಲ, ತಿಂಗಳು ಕಾಯಲಾಗದು, ಹಳೆಯ ಎಂಜಿನ್ ಮತ್ತೆ ಕೈಕೊಡುತ್ತದೆ ಎಂದೆ. ಸುನಂದಾ ಕೂಡ ಮಗನಿಗೆ, "ಬಾವ ಹೇಳಿದಂಗ ಕೇಳಪಾ. ಅವರು ನಿನ್ನ ಜೀವದ ಸಲುವಾಗಿ ಹೇಳ್ತಾರ" ಎಂದಳು. ಅವಳ ನಂಬಿಕೆ ನನಗೆ ಆ ದಿನ ಅನುಕೂಲವಾಗಿ ಕಂಡಿತು. ಸಿದ್ದಲಿಂಗೇಶ ಸೋತ.

ಬಳ್ಳಾರಿಯ ಹೊರಗಿನ ಒಂದು ಗುಜರಿಗೆ ಭೀಮರಾಜನೊಡನೆ ನಾನೂ ಸಿದ್ದಲಿಂಗೇಶನೂ ಹೋದೆವು. ಮಧ್ಯಾಹ್ನದ ಬಿಸಿಲು. ಮುರಿದ ಲಾರಿಗಳು, ಬಾಗಿಲಿಲ್ಲದ ಕಾರುಗಳು, ಸಾಲಾಗಿ ಮಲಗಿಸಿದ ಎಂಜಿನ್ನುಗಳು. ಗುಜರಿಯವನು ಗೋಣಿ ಸರಿಸಿ ಒಂದನ್ನು ತೋರಿಸಿದ. ಭೀಮರಾಜ ಬಗ್ಗಿ ಅದರ ಪಕ್ಕೆಯನ್ನು ಬೆರಳಿನಿಂದ ಸವರಿದ.

"ನಂಬರ್ ಉಜ್ಜ್ಯಾರಲ್ಲಪಾ."

"ತುಕ್ಕು ಹಿಡಿದಿತ್ತು, ಉಜ್ಜೀನಿ."

"ತುಕ್ಕು ನಂಬರ್ ಮ್ಯಾಲೆ ಅಷ್ಟೇ ಹಿಡೀತೇನು? ಎಲ್ಲೀದಿದು?"

"ಘಟ್ಟದಾಗ ಬಿದ್ದ ಗಾಡೀದು. ಅದರಾಗ ಕುಂತಿದ್ದೋರು ಯಾರೂ ಕೇಳಾಕ ಬರಂಗಿಲ್ಲ, ತಗೋರಿ" ಎಂದು ಗುಜರಿಯವನು ಹಲ್ಲು ತೋರಿಸಿದ.

ಭೀಮರಾಜ ನೆಟ್ಟಗಾದ. "ಇದು ಬ್ಯಾಡ್ರಿ ಮೇಷ್ಟ್ರೆ. ಎಂಜಿನ್ ಬದಲಾದ್ರ ಆರ್‌ಟಿಓದಾಗ ಹೊಸ ನಂಬರ್ ಬರೆಸಬೇಕು. ಇಲ್ಲದ ನಂಬರ್ ಏನಂತ ಬರೆಸ್ತೀರಿ? ಒಳಗ ಏನ್ ಸೀಳೇತೋ ಅದೂ ತಿಳೀದು. ಬ್ಯಾರೆ ಸಿಗೂತನ ಕಾಯೋಣು."

ಕಾಯುವುದೆಂದರೆ ಹಳೆಯ ಎಂಜಿನ್ ಅವನ ಗ್ಯಾರೇಜಿನಲ್ಲಿ ಇನ್ನಷ್ಟು ದಿನ ಇರುವುದು. "ಇರ್ಲಿ ಬಿಡು. ಇದನ್ನೇ ಹಾಕು" ಎಂದೆ.

ಮೂವತ್ತಾರು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳಬೇಕು ಎಂದು ಕಲಿಸಿದವನು ನಾನು. ಕಳವಿನದೋ, ಸತ್ತವರದೋ ಗೊತ್ತಿಲ್ಲದ ಎಂಜಿನ್ನನ್ನು ನನ್ನ ತಮ್ಮನ ಒಬ್ಬನೇ ಮಗನ ಕಾಲಿನ ಮುಂದೆ ಕೂಡಿಸು ಎಂದು ಹೇಳಿದೆ.

ಸಿದ್ದಲಿಂಗೇಶ ನನ್ನನ್ನು ನೋಡಿದ. ಅವನ ನೋಟದಲ್ಲಿ ಅನುಮಾನ ಇರಲಿಲ್ಲ, ದಣಿವಿತ್ತು. "ಆತು ದೊಡ್ಡಪ್ಪ. ನಿಮ್ಮ ಮನಸ್ಸಿಗೆ ಬಂದಿದ್ದರ ಇದೇ ಇರ್ಲಿ." ಅಂಗಿಯ ಕಿಸೆಯಿಂದ ಕಾಗದದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟ. "ಅವ್ವ ಕೊಟ್ಟು ಕಳಿಸ್ಯಾಳ. ಮಠದ ವಿಭೂತಿ. ಯಾವ ಎಂಜಿನ್ ಆದ್ರೂ ಮೊದಲನೇ ನೀರು ಬಾವನ ಕೈಲೇ ಹಾಕಿಸು, ನಿಮ್ಮಪ್ಪ ಇದ್ದಾಗಿನಂಗ ಅಂದ್ಲು. ಇನ್ನ ಮ್ಯಾಲೆ ನೀವು ಬ್ಯಾಸರಾದಾಗ ಆಕೀನೇ ಹಾಕ್ತಾಳಂತ. ನಾನೂ ಕಲಿತೀನಿ."

ಪೊಟ್ಟಣದ ಭಾರ ಏನೂ ಇರಲಿಲ್ಲ. ಆದರೂ ಕೈ ಕೆಳಗಿಳಿಯಿತು. ಪಕ್ಕದಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟೆ. ನಾನು ಬಾಯಿ ಮುಚ್ಚಿಕೊಂಡರೆ ಆ ಚೊಂಬು ನನ್ನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ಇವನ ಕೈಗೆ ಹೋಗುತ್ತದೆ. ಮತ್ತೊಂದು ಮಳೆಗಾಲ ಬರುತ್ತದೆ. ಅದೇ ಕಾಲುವೆಯ ದಾರಿ ಇರುತ್ತದೆ.

"ಸಿದ್ದಲಿಂಗೇಶ, ಇದನ್ನ ಎಂಜಿನ್ನಿಗೆ ಹಾಕಬ್ಯಾಡ. ಎಂದಿಗೂ ಹಾಕಬ್ಯಾಡ" ಎಂದೆ. "ನಾನು ಹನ್ನೆರಡು ವರ್ಷ ಹಾಕಿದ್ದೇ ರೇಡಿಯೇಟರಿನಾಗ ಕಟ್ಟಿಕೊಂಡೈತಿ. ನೀರು ತಿರುಗಲಾರದೆ ಗಾಡಿ ಕುದ್ದೈತಿ. ಮುಚ್ಚಳ ತೆಗೆದು ನೋಡೀನಿ. ಗಾಡಿ ಎಳೆದ ದಿನಾನೇ ನನಗ ಗೊತ್ತಾಗೈತಿ. ಅದಕ್ಕಾಗೇ ಬಿಚ್ಚಬ್ಯಾಡ ಅಂದೆ."

ಗುಜರಿಯವನು ಗೋಣಿ ಮತ್ತೆ ಹೊದಿಸಿ ದೂರ ಹೋದ. ಸಿದ್ದಲಿಂಗೇಶ ನನ್ನ ಕಡೆ ತಿರುಗಲಿಲ್ಲ.

"ಭೀಮಣ್ಣ, ನಮ್ಮದನ್ನೇ ಬಿಚ್ಚು" ಎಂದ.

ಮರುದಿನ ಬಿಚ್ಚಿದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹೋದೆ. ರೇಡಿಯೇಟರಿನ ಕೆಳಭಾಗ ಕೊಯ್ದಾಗ ಬೂದಿಯ ಹೆಂಟೆಗಳು ತಟ್ಟೆಗೆ ಬಿದ್ದವು. ಎಂಜಿನ್ನಿನ ಒಳಗೆ ನೀರು ಹರಿಯುವ ದಾರಿಗಳು ಗೋಡೆಗೆ ಸುಣ್ಣ ಬಳಿದಂತೆ ಬೆಳ್ಳಗೆ ಮುಚ್ಚಿಕೊಂಡಿದ್ದವು. ಭೀಮರಾಜ ಒಂದು ತಂತಿಯಿಂದ ಕೆರೆಯುತ್ತಾ, ಯಾರ ಮುಖವನ್ನೂ ನೋಡದೆ ಮಾತಾಡಿದ.

"ಚಿದಾನಂದಪ್ಪನವರು ಆರು ತಿಂಗಳಿಗೊಮ್ಮೆ ಬಂದು ನೀರು ತಗೆಸಿ, ಒಳಗೆಲ್ಲ ತೊಳೆಸ್ತಿದ್ರು. ಈ ಬೂದಿ ಎಲ್ಲಿಂದ ಬರ್ತೈತ್ರೀ ಅಂದ್ರ, ನಮ್ಮ ಗಾಡಿ ದಿನಾ ಪೂಜಿ ಮಾಡ್ತೈತಪಾ ಅಂತ ನಗ್ತಿದ್ರು. ಮನ್ಯಾಗ ಹೇಳಬ್ಯಾಡ ಅಂತಿದ್ರು. ಹೋದ ವರ್ಷ ಮೊಣಕಾಲ ನೋವು ಶುರುವಾದ ಮ್ಯಾಲೆ ಬಂದಿದ್ದಿಲ್ಲ."

ನನ್ನ ಮಾತು ಮೀರದೆ, ನನ್ನ ಮನಸ್ಸು ನೋಯಿಸದೆ, ನಾನು ಹಾಕಿದ್ದನ್ನು ಅವನು ಹನ್ನೊಂದು ವರ್ಷ ಗುಟ್ಟಾಗಿ ತೊಳೆಸಿದ್ದ.

ಸಂಜೆಯ ಹೊತ್ತಿಗೆ ಭೀಮರಾಜ ಕೈ ತೊಳೆದು ಹೇಳಿದ: "ಬ್ಲಾಕ್ ಸೀಳಿಲ್ಲ. ಕ್ರ್ಯಾಂಕು ಉಳದೈತಿ. ಕಟ್ಟಬಹುದು."

"ಕಟ್ಟು" ಎಂದ ಸಿದ್ದಲಿಂಗೇಶ.

ಎಂಜಿನ್ ಉಳಿಯಿತು. ಆ ಮಾತನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದ. ಕುರುಗೋಡಿನಲ್ಲಿ ಇಳಿದಾಗ ಮಾತ್ರ, "ಅವ್ವಗ ನೀವೇ ಹೇಳ್ರಿ. ನಾ ಹೇಳಂಗಿಲ್ಲ" ಎಂದ.

ಸುನಂದಾ ಮೊರದಲ್ಲಿ ಅಕ್ಕಿ ಹಿಡಿದು ಕುಳಿತಿದ್ದಳು. ಎಲ್ಲವನ್ನೂ ಹೇಳಿದೆ. ಟವೆಲಿನ ಸಂಗತಿಯನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು.

"ಅವರಿಗೆ ಗೊತ್ತಿತ್ತೇನು?"

"ಗೊತ್ತಿತ್ತು."

"ನಿಮಗ ಹೇಳಲಿಲ್ಲೇನು?"

"ಒಮ್ಮೆ ಹೇಳಿದ್ದ. ನಾನು ಬೈದೆ."

ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ಮುಗಿಸಿ ಎದ್ದು, ತಟ್ಟೆ ಹಾಕಿ, "ಊಟಕ್ಕ ಏಳ್ರಿ" ಎಂದಳು. ಇಂದಿಗೂ ಹೊತ್ತು ಹೊತ್ತಿಗೆ ತಟ್ಟೆ ಬರುತ್ತದೆ. ಬಾವ ಎಂಬ ಮಾತು ಮಾತ್ರ ಆ ದಿನದಿಂದ ಅವಳ ಬಾಯಲ್ಲಿ ಬಂದಿಲ್ಲ.

ಒಂದು ತಿಂಗಳ ಮೇಲೆ ಜೀಪು ಬಂತು. ಸಿದ್ದಲಿಂಗೇಶ ಎಂಜಿನ್ ತಂಪಾಗಿಡಲು ಅಂಗಡಿಯಿಂದ ತಂದ ಹಸಿರು ಕೂಲಂಟನ್ನು ತಾನೇ ತುಂಬಿ, ಮುಚ್ಚಳ ಬಿಗಿದು, ಕೀಲಿಕೈ ಕಿಸೆಯಲ್ಲಿಟ್ಟುಕೊಂಡ. ನಾನು ಅಂಗಳದ ಆ ತುದಿಯಲ್ಲಿ ನಿಂತಿದ್ದೆ. ಅವನು ಗದ್ದೆಗೆ ಹೊರಟಾಗ ನಾನು ನಡೆದು ನಮ್ಮ ಹೊಲಕ್ಕೆ, ತಮ್ಮನ ಗದ್ದುಗೆಯ ಬಳಿಗೆ ಹೋದೆ. ಹೊಸ ಮಣ್ಣು ಕುಸಿದು ಸಮವಾಗಿತ್ತು. ಒಂದು ಹಿಡಿ ಪತ್ರೆ ಇಟ್ಟು ಕೈಮುಗಿದೆ.

ಶಿವನೇ, ನನಗಾಗಿ ಏನನ್ನೂ ಕೇಳಲು ಬಂದಿಲ್ಲ. ನನ್ನ ಪಾಲಿನದು ನನ್ನ ಮೇಲೆಯೇ ಇರಲಿ. ನನ್ನ ತಮ್ಮ ಕೊನೆಯ ಗಳಿಗೆಯಲ್ಲಿ ಕೆಸರಿನ ದಾರಿಯಲ್ಲಿ ಒಬ್ಬನೇ ಇದ್ದ, ಆ ಗಳಿಗೆಯ ನೋವು ಅವನ ಜೊತೆ ಬರದಿರಲಿ. ಬದುಕಿದ್ದಾಗ ಅಣ್ಣನ ಸಲುವಾಗಿ ಬಹಳ ಮಾತು ನುಂಗಿದವನು, ಇನ್ನು ಅವನು ಏನನ್ನೂ ನುಂಗದಂತೆ ಮಾಡು. ಅವನನ್ನು ನಿನ್ನ ನೆರಳಿನಲ್ಲಿ ಇಟ್ಟುಕೋ. ಅವನಿಗೆ ಶಾಂತಿ ಕೊಡು.