ಸರ್ವರಿನಲ್ಲಿ ಉಳಿದ ಹತ್ತೊಂಬತ್ತು ಹೆಸರು

2011ರ ನವೆಂಬರ್. ಚಿಕ್ಕೋಡಿಯ ಒಂದು ಸಣ್ಣ ರಕ್ತನಿಧಿಯಲ್ಲಿ ಸಪನಾ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ರಾಯಬಾಗದ ಭರತ ಏದುಸಿರು ಬಿಡುತ್ತ ಬಂದ. ಅವನ ಹೆಂಡತಿ ಅನುಸೂಯಾಗೆ ಅಲ್ಲೇ ಪಕ್ಕದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ.

"ಸಲೈನ್ ಮ್ಯಾಲ ಹಿಡದಾರ್ರಿ. ಓ ನೆಗೆಟಿವ್ ಬೇಕಂತ."

ಫ್ರಿಜ್‌ನಲ್ಲಿ ಆ ಗುಂಪಿನ ಒಂದು ಚೀಲವೂ ಇರಲಿಲ್ಲ. ರಕ್ತ ಕೊಡುವವರ ಪಟ್ಟಿ ಸರ್ವರಿನಲ್ಲಿತ್ತು. ಹುಡುಕಲು ಕೂತರೆ ಪರದೆ ಅಲ್ಲಾಡಲೊಲ್ಲದು.

"ಲಗೂನ ನೋಡ್ರಿ ಅಕ್ಕಾರ," ಭರತ ಬಾಗಿಲಿಗೂ ಮೇಜಿಗೂ ಅಡ್ಡಾಡುತ್ತಿದ್ದ.

ತಡೆಯಲಾರದೆ ಅವಳು ಗುಂಡಿ ಒತ್ತಿ ಹಿಡಿದು ಸರ್ವರನ್ನೇ ಆರಿಸಿಬಿಟ್ಟಳು. ಮತ್ತೆ ಹಚ್ಚಿದಾಗ ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂದು ನಿಂತಿತು. ಡಿಸ್ಕಿನಲ್ಲಿ ತಪ್ಪಿದೆ, ಕೈಯಾರೆ ತಪಾಸಣೆ ಮಾಡಿ ಅಂತ.

ಆ ಸರ್ವರ್ ಕೂಡಿಸಿದ್ದ ನಿಪ್ಪಾಣಿಯ ಸುಧೀರನಿಗೆ ಫೋನ್ ಹಚ್ಚಿದಳು.

"ಹೆಂಗ ಬಂದ್ ಆತು?"

"ನಾನ ಗುಂಡಿ ಒತ್ತಿದೆ ಸರ್."

ಅವನು ಬೈಯಲಿಲ್ಲ. "ಹಳೇ ಪಟ್ಟಿ ಐತೇನ?"

"ಹೋದ ತಿಂಗಳದ್ದು ಪ್ರಿಂಟ್ ಐತ್ರಿ. ಅದರಾಗಿನ ಓ ನೆಗೆಟಿವ್‌ನವರು ಇಬ್ರೂ ಫೋನಿಗೆ ಸಿಗವಲ್ರು. ಮೊನ್ನೆ ರವಿವಾರ ಅಂಕಲಿ ಕ್ಯಾಂಪಿನ್ಯಾಗ ಮೂವತ್ತು ಮಂದಿದು ರಕ್ತದ ಗುಂಪು ನೋಡಿ ಸೀದಾ ಕಂಪ್ಯೂಟರಿನ್ಯಾಗ ಬರಕೊಂಡೀವಿ. ಅದರಾಗ ಒಬ್ಬರದು ಓ ನೆಗೆಟಿವ್ ಇತ್ತು. ಹೆಸರು ನೆನಪ ಆಗವಲ್ದು."

"ಎಫ್‌ಎಸ್‌ಸಿಕೆ ಅಂತ ಒಂದು ಪ್ರೋಗ್ರಾಮ್ ಐತಿ. ಡಿಸ್ಕಿನ್ಯಾಗ ಕೆಟ್ಟಿದ್ದನ್ನ ಹುಡುಕಿ ಜೋಡಸ್ತೈತಿ. ಜೋಡಸಾಕ ಬರದಿದ್ದನ್ನ ಕಿತ್ತ ಒಗೀತೈತಿ. ಖರೇ ಅಂದ್ರ ಮೊದಲ ಡಿಸ್ಕಿನ ಕಾಪಿ ತಗೀಬೇಕು. ಅದಕ್ಕ ಎರಡು ತಾಸು ಹಿಡೀತೈತಿ."

ಸಪನಾ ಭರತನ ಮುಖ ನೋಡಿದಳು. "ಅಷ್ಟು ಹೊತ್ತಿಲ್ಲ ಸರ್. ಏನ ಒತ್ತಲಿ ಹೇಳ್ರಿ."

ಸುಧೀರ ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದಳು. ಎರಡು ಸಲ ತಪ್ಪಿ, ಅಳಿಸಿ ಮತ್ತೆ ಒತ್ತಿದಳು. ಆಮೇಲೆ ಅಂಕಿಗಳು ಓಡತೊಡಗಿದವು. ಭರತನ ಫೋನು ಬಡಿದುಕೊಂಡಿತು. ಅತ್ತೆ ರಾಮವ್ವನದು. ಅವನು ಎತ್ತದೆ ಜೇಬಿಗೆ ಹಾಕಿಕೊಂಡ.

ಇಪ್ಪತ್ತೈದು ನಿಮಿಷಕ್ಕೆ ಸರ್ವರ್ ಎದ್ದಿತು. ರವಿವಾರದ ಪಟ್ಟಿ ತೆರೆದರೆ ಹತ್ತೊಂಬತ್ತೇ ಹೆಸರು. ಹನ್ನೊಂದು ಹೋಗಿದ್ದವು. ಸಪನಾ ಪಟ್ಟಿಯಲ್ಲಿ ಕೆಳಗಿಳಿದಳು, ಇನ್ನೂ ಕೆಳಗೆ. ಹದಿನೇಳನೆಯದು: ಭೀಮಸಿ, ಓ ನೆಗೆಟಿವ್.

ಫೋನ್ ಎತ್ತಿದ್ದು ಅವನ ಹೆಂಡತಿ ಕಸ್ತೂರೆವ್ವ. "ಅವರು ಹೊಲದಾಗ ಅದಾರ. ನೀವು ಇಡ್ರಿ, ನಾ ಓಡಿ ಹೋಗಿ ಕರೀತೀನಿ."

ತಾಸಿನೊಳಗೆ ಭೀಮಸಿ ಕೆಸರುಗಾಲಲ್ಲೇ ಬೈಕ್ ಹೊಡೆದುಕೊಂಡು ಬಂದ. ಪರೀಕ್ಷೆಗಳೆಲ್ಲ ಮುಗಿದು ಚೀಲ ಕೈಗೆ ಬಂದದ್ದೇ ತಡ, ಭರತ ಆಸ್ಪತ್ರೆಗೆ ಓಡಿದ.

ಚಹಾ ಕುಡಿಯುತ್ತ ಭೀಮಸಿ ಕೇಳಿದ, "ಕೂಸು ಹೆಣ್ಣೋ ಗಂಡೋ?"

ಅದನ್ನು ಯಾರೂ ಕೇಳಿರಲಿಲ್ಲ.

ಸಂಜೆ ಭರತನದೇ ಫೋನ್ ಬಂತು. ರಕ್ತ ನಿಂತಿತ್ತು, ಅನುಸೂಯಾ ಕಣ್ಣು ತೆರೆದಿದ್ದಳು. "ಹೆಣ್ಣರಿ ಅಕ್ಕಾರ. ಇಲ್ಲೇ ಅಳಾಕತ್ತೈತಿ, ಕೇಳ್ರಿ," ಎಂದು ಅವನೂ ಅತ್ತ.

ಮರುದಿನ ಸಪನಾ ಬೆಳಗಿನ ಬಸ್ಸಿಗೇ ಅಂಕಲಿಗೆ ಹೋದಳು. ಕ್ಯಾಂಪಿಗೆ ಯಾರು ಯಾರು ಬಂದಿದ್ದರೆಂದು ಕೇಳುತ್ತ, ಪಟ್ಟಿಯಿಂದ ಕಳೆದುಹೋದ ಹನ್ನೊಂದು ಮಂದಿಯನ್ನು ಓಣಿ ಓಣಿ ಹುಡುಕಿ, ಒಬ್ಬೊಬ್ಬರ ಹೆಸರನ್ನೂ ಮತ್ತೆ ಬರೆದುಕೊಂಡಳು.