ಮಡಚಿದ ಟೇಪು

ಮುನಿಕೃಷ್ಣಪ್ಪನವರ ಹೊಸ ಬಿಳಿ ಗಾಡಿ ಕಾರ್ ಸ್ಟೀರಿಯೊ ಅಂಗಡಿ ಮುಂದೆ ನಿಂತಾಗ ಮಣಿಕಂಠ ಹಳೆಯ ಟ್ಯಾಕ್ಸಿಯೊಂದರ ಬಾಗಿಲೊಳಗೆ ಮೊಣಕೈತನಕ ಕೈ ತೂರಿಸಿಕೊಂಡು ಕೂತಿದ್ದ. ಗಾಡಿ ಯಾರದೆಂದು ಗೊತ್ತಾಗುತ್ತಲೇ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೀ ಇಸಿದುಕೊಳ್ಳಲು ಮುಂದೆ ಚಾಚಿದ. ಚಾಚಿದ ಕೈ ಚಾಚಿದ ಹಾಗೇ ಉಳಿಯಿತು. ಮುನಿಕೃಷ್ಣಪ್ಪ ಅದರ ಪಕ್ಕದಲ್ಲೇ ಹಾದುಹೋಗಿ ಒಳಗಿನ ಮೇಜಿನ ಮೇಲೆ, ಶಿವಾನಿಯ ಲ್ಯಾಪ್‌ಟಾಪಿನ ಪಕ್ಕ, ಕೀ ಇಟ್ಟರು.

"ನೀನೇ ಮಾಡ್ಕೊಡು ಅಮ್ಮಣ್ಣಿ," ಎಂದರು. ಆಮೇಲೆ ಏನೋ ಮರೆತದ್ದು ನೆನಪಾದವರಂತೆ ತಿರುಗಿ, "ನೀನೂ ಜೊತೇಲಿರಪ್ಪ ಮಣಿ, ಬಾಗ್ಲು ಗೀಗ್ಲು ಬಿಚ್ಚಾಕೆ."

ಬಾಗಿಲು ಗೀಗಿಲು. ಮಣಿಕಂಠನ ಕಿವಿ ಕಾದ ಹಂಚಾಯಿತು.

ಮೂರು ವರ್ಷದ ಹಿಂದೆ ಇದೇ ಮನುಷ್ಯ ಯಲಹಂಕದ ಆಚೆಯ ತಮ್ಮ ಊರಿಂದ ಹಳೆಯ ಗಾಡಿ ತಂದು, ಒಂದು ಪೆನ್‌ಡ್ರೈವ್ ಕೊಟ್ಟು, ನನಗೆ ಹಾಡು ಗೀಡು ಬೇಡ, ಇದು ಸರಿಯಾಗಿ ಕೇಳಿದರೆ ಸಾಕು ಎಂದಿದ್ದರು. ಅದರಲ್ಲಿದ್ದದ್ದು ಪಿಳ್ಳಣ್ಣನ ತಮಟೆ. ಊರ ಹೊಲಗಳೆಲ್ಲ ಲೇಔಟಾಗಿ, ಮುನಿಕೃಷ್ಣಪ್ಪ ಬಿಲ್ಡರ್ ಆದ ಮೇಲೂ ಅವರ ಬೀದಿಯಲ್ಲಿ ತಮಟೆ ಬಡಿಯುತ್ತಿದ್ದವನು ಪಿಳ್ಳಣ್ಣನೇ. ಅವನ ಏಟನ್ನು ಅವರು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ತಮಟೆ ಕಿವಿಗೆ ಕೇಳಬಾರದು, ಎದೆಗೆ ಬಡಿಯಬೇಕು ಎಂಬುದು ಅವರ ಲೆಕ್ಕ. ಮಣಿಕಂಠ ಬಡಿಸಿದ್ದ. ಆಮೇಲೆ ಆ ಊರಿನಿಂದ ಎಂಟು ಗಾಡಿ ಬಂದವು. ಎಂಟೂ ಜನ ಗಂಗಾನಗರದಲ್ಲಿ ಅಂಗಡಿಯ ಹೆಸರು ಕೇಳದೆ "ಆ ಮಣಿ ಎಲ್ಲವ್ನೆ" ಎಂದು ಕೇಳಿಕೊಂಡು ಬಂದಿದ್ದರು. ಒಂಬತ್ತನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟವನಿಗೆ ಅದೊಂದೇ ಮಾರ್ಕ್ಸ್ ಕಾರ್ಡು.

ಶಿವಾನಿ ಬಂದು ಎಂಟು ತಿಂಗಳಾಗಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬಂದು, ಡ್ರೈವರ್ ತಲೆ ಇರುವ ಎತ್ತರಕ್ಕೆ ಒಂದು ಸಣ್ಣ ಮೈಕು ನಿಲ್ಲಿಸಿ, ಕುಕ್ಕರ್ ಹಬೆ ಬಿಟ್ಟಂತೆ ಶ್ ಎನ್ನುವ ಸದ್ದು ಹಾಕಿ, ಸ್ಕ್ರೀನಿನ ಮೇಲೆ ಬೆಟ್ಟಗುಡ್ಡದಂಥ ಗೆರೆ ನೋಡುತ್ತ ಕೂರುತ್ತಿದ್ದಳು. ಗಿರಾಕಿಗಳು ಸುತ್ತ ನಿಂತು ವಿಡಿಯೊ ಮಾಡುತ್ತಿದ್ದರು. ಮಾಲೀಕ ಅನಂತರಾಜು ಅವಳ ಫೋಟೊವನ್ನು ಅಂಗಡಿಯ ಇನ್‌ಸ್ಟಾ ಪೇಜಿಗೆ ಹಾಕಿದ್ದ. ಅದೇ ಫೋಟೊದ ಮೂಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಒಂದು ಕೈ ಮೊಣಕೈವರೆಗೆ ಬಂದಿತ್ತು. ಅದು ಮಣಿಕಂಠನದು. ರಾತ್ರಿ ಮಲಗುವ ಮುಂಚೆ ಅವನು ಆ ಫೋಟೊವನ್ನು ದೊಡ್ಡದು ಮಾಡಿ ತನ್ನ ಮೊಣಕೈಯನ್ನು ಎಷ್ಟು ಸಲ ನೋಡಿದ್ದನೋ. ಲೈಕು ಕೊಟ್ಟಿದ್ದವರು ಒಬ್ಬೊಬ್ಬರೂ ಅವನ ಬಾಯಿಗೆ ಮಣ್ಣು ಹಾಕಿದಂತೆ ಅನಿಸುತ್ತಿತ್ತು.

ಎರಡು ದಿನ ಬಿಳಿ ಗಾಡಿಯ ಕೆಲಸ ನಡೆಯಿತು. ನಾಲ್ಕು ಬಾಗಿಲಿಗೂ ಸದ್ದಿಗೆ ಅದುರದಂತೆ ಅಂಟಿನ ಹಾಳೆ ಹಾಕಿ, ರೋಲರಿನಲ್ಲಿ ಒತ್ತಿ, ತಗಡಿನ ತೂತುಗಳನ್ನೆಲ್ಲ ಮುಚ್ಚಿದವನು ಮಣಿಕಂಠನೇ. ಬೆರಳು ಕೊಯ್ದು ರಕ್ತ ಬಂತು. ಕೊನೆಗೆ ಬಾಗಿಲು ಹಾಕಿದರೆ ತಗಡಿನ ಸದ್ದೇ ಇಲ್ಲ, ಮರದ ಪೆಟ್ಟಿಗೆ ಮುಚ್ಚಿದ ಹಾಗೆ ಧಪ್ ಎನ್ನುತ್ತಿತ್ತು. ಇಂಥ ಬಾಗಿಲು ಇಡೀ ಬೆಂಗಳೂರಲ್ಲಿ ಯಾರೂ ಮಾಡಲ್ಲ ಎಂದಳು ಶಿವಾನಿ. ಹೌದಮ್ಮ, ನಾನು ಬಾಗಿಲು ಕಾಯುವವನೇ ತಾನೆ ಎಂದುಕೊಂಡ ಅವನು.

ಎರಡನೇ ದಿನ ಸಂಜೆ ಅವಳು ಟ್ಯೂನಿಂಗಿಗೆ ಕೂತಳು. ಡಿಕ್ಕಿಯಲ್ಲಿ ಬೇಸಿನ ದಪ್ಪ ಸದ್ದಿಗೆಂದು ಹನ್ನೆರಡು ಇಂಚಿನ ವೂಫರ್, ಮುಂದಿನ ಬಾಗಿಲುಗಳಲ್ಲಿ ಸ್ಪೀಕರ್. ತಮಟೆ ಹಾಕಿದರೆ ಏಟು ಬೆನ್ನ ಹಿಂದೆಯೇ ಉಳಿಯುತ್ತಿತ್ತು, ಹಿಂದಿನ ಗಾಡಿಯಲ್ಲಿ ಯಾರೋ ಬಡಿಯುತ್ತಿದ್ದಂತೆ. ಅವಳು ಸ್ಕ್ರೀನ್ ತೋರಿಸಿ, ಗೆರೆಯಲ್ಲಿ ಇಲ್ಲೊಂದು ಹಳ್ಳ ಬಿದ್ದಿದೆ, ಎಷ್ಟು ಸೌಂಡ್ ಕೊಟ್ಟರೂ ತುಂಬುತ್ತಿಲ್ಲ, ನೀನು ಒಂದು ಸಲ ಕೂತು ಕೇಳು ಎಂದಳು. ಮಣಿಕಂಠನ ಹೊಟ್ಟೆ ತಣ್ಣಗಾಯಿತು.

"ನಂಗೇನ್ ಗೊತ್ತಾಗುತ್ತೆ ಮೇಡಂ, ನಾನು ಲಾರಿ ಪಾರ್ಟಿ," ಎಂದು ಹೇಳಿ ಕೈ ತೊಳೆಯಲು ಹೋದ.

ನಾಳೆ ಬೆಳಿಗ್ಗೆ ನೋಡುತ್ತೇನೆ, ಅವರು ಬರುವುದು ಹನ್ನೊಂದಕ್ಕಲ್ಲವೇ ಎಂದು ಅವಳು ಮನೆಗೆ ಹೋದಳು.

ಲಾರಿ ಪಾರ್ಟಿ ಎಂದದ್ದು ಸುಳ್ಳಲ್ಲ. ಮಣಿಕಂಠ ಕೆಲಸ ಕಲಿತದ್ದು ಗೊರಗುಂಟೆಪಾಳ್ಯದಲ್ಲಿ, ಲಾರಿಗಳಿಗೆ ಹಾರ್ನು, ಸ್ಪೀಕರ್ ಕೂರಿಸುವ ಅಂಗಡಿಯಲ್ಲಿ. ಅಲ್ಲಿನ ಉಸ್ತಾದ್ ಕಲಿಸಿದ ಮೊದಲ ಪಾಠವೇ ಟೇಪು ಸುತ್ತುವುದು. ಸುತ್ತಿದ ಮೇಲೆ ತುದಿಯನ್ನು ಉಗುರಿನಷ್ಟು ಮಡಚಿ ಬಿಡಬೇಕು; ದಾರಿಯಲ್ಲಿ ಕೆಟ್ಟರೆ ಡ್ರೈವರ್ ಕತ್ತಲಲ್ಲೂ ಬೆರಳಲ್ಲಿ ಹುಡುಕಿ ಬಿಚ್ಚಬಹುದು. ಎರಡನೆಯ ಪಾಠ ತಲೆಯ ಮೇಲೆ ಬಿದ್ದ ಏಟಿನ ಜೊತೆ ಬಂದಿತ್ತು. ಮಣಿಕಂಠ ಒಂದು ಬಾಗಿಲಿನ ಸ್ಪೀಕರಿಗೆ ಕೆಂಪು ತಂತಿಯ ಜಾಗದಲ್ಲಿ ಕಪ್ಪು ಕೊಟ್ಟಿದ್ದ. ಒಂದು ಸ್ಪೀಕರ್ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದು, ಎರಡೂ ಸೇರಿ ಬೇಸನ್ನು ನುಂಗಿಬಿಟ್ಟಿದ್ದವು. ಕೆಂಪು ಕಪ್ಪು ಅದಲುಬದಲಾದರೆ ಬೇಸ್ ಸತ್ತ ಹಾಗೆ ಎಂದಿದ್ದ ಉಸ್ತಾದ್.

ಮರುದಿನ ಬೆಳಿಗ್ಗೆ ಎಂಟೂವರೆಗೆ ಮಣಿಕಂಠ ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಷಟರ್ ಎತ್ತಿದ. ರಾತ್ರಿಯಿಡೀ ಯೋಚಿಸಿದ್ದ. ಹಳ್ಳ ಬಿದ್ದರೂ ಮುದುಕ ಆ ಲ್ಯಾಪ್‌ಟಾಪಿನ ಬೆಳಕಿಗೇ ಮರುಳಾಗಿ ತಲೆಯಾಡಿಸಿಬಿಟ್ಟರೆ? ಹಾಗಾಗಕೂಡದು. ಬೇಸ್ ಪೂರ್ತಿ ಸಾಯಬೇಕು. ತಮಟೆ ಪೇಪರ್ ಡಬ್ಬದ ಹಾಗೆ ಕೇಳಬೇಕು. ಆಗ ಮುನಿಕೃಷ್ಣಪ್ಪ ಗಾಜು ಇಳಿಸಿ, ಮಣಿ ಎಲ್ಲಪ್ಪ ಎಂದು ಕೇಳಬೇಕು.

ಡಿಕ್ಕಿ ತೆಗೆದ. ವೂಫರಿಗೆ ಹೋಗುವ ಎರಡು ತಂತಿಗಳನ್ನು ಬಿಚ್ಚಿ ಕೆಂಪಿನ ಜಾಗಕ್ಕೆ ಕಪ್ಪು, ಕಪ್ಪಿನ ಜಾಗಕ್ಕೆ ಕೆಂಪು ಕೊಟ್ಟು ಟೇಪು ಸುತ್ತಿದ. ಹಾಕಿ ಕೇಳಬೇಕೆಂದು ಮುಂದಿನ ಬಾಗಿಲಿಗೆ ಕೈ ಇಡುವಷ್ಟರಲ್ಲಿ ಅನಂತರಾಜುವಿನ ಬೈಕು ಬಂತು. ಮಣಿಕಂಠ ಪೊರಕೆ ಹಿಡಿದು ಗುಡಿಸತೊಡಗಿದ.

ಮುನಿಕೃಷ್ಣಪ್ಪನವರಿಗೆ ತಡೆಯಲಾಗಲಿಲ್ಲವೋ ಏನೋ, ಹತ್ತಕ್ಕೇ ಬಂದುಬಿಟ್ಟರು. ಶಿವಾನಿ ಇನ್ನೂ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದಳು. ಇನ್ನೂ ಸ್ವಲ್ಪ ಬಾಕಿ ಇದೆ ಎಂದು ಅವಳು ಹೇಳುತ್ತಿರುವಾಗಲೇ ಅವರು ಒಳಗೆ ಕೂತು ಪೆನ್‌ಡ್ರೈವ್ ಚುಚ್ಚಿ ಬಾಗಿಲು ಎಳೆದುಕೊಂಡರು. ಧಪ್. ಮಣಿಕಂಠ ನೀರಿನ ಕ್ಯಾನಿನ ಪಕ್ಕ ಗೋಡೆಗೆ ಒರಗಿ ನಿಂತ. ಅವನು ಮಾಡಿದ ಬಾಗಿಲು ಎಷ್ಟು ಗಟ್ಟಿಯಾಗಿತ್ತೆಂದರೆ ಹೊರಗೆ ಹೆಚ್ಚೇನೂ ಕೇಳಿಸಲಿಲ್ಲ. ಗಾಜಿನ ಹಿಂದೆ ಮುದುಕನ ಮುಖ ಮಾತ್ರ ಕಾಣುತ್ತಿತ್ತು. ಆ ಮುಖ ಇದ್ದಕ್ಕಿದ್ದಂತೆ ಅಲುಗದೆ ನಿಂತಿತು. ಬಾಯಿ ಸ್ವಲ್ಪ ತೆರೆದುಕೊಂಡಿತು. ಬೇಸ್ ಸತ್ತಿತು, ಎಂದುಕೊಂಡ ಮಣಿಕಂಠ. ಕೂಗಿದರೆ ಹೋಗಲು ಕಾಲು ಸಿದ್ಧವಾಗಿತ್ತು.

ಗಾಜು ಇಳಿಯಿತು.

"ಪಿಳ್ಳಣ್ಣ ಬಾನೆಟ್ ಮೇಲೆ ಕುಂತ್ಕಂಡು ಬಡ್ದಂಗೈತೆ ಕಣಮ್ಮಣ್ಣಿ," ಎಂದರು ಮುನಿಕೃಷ್ಣಪ್ಪ. ಅವರ ಅಂಗೈ ಎದೆಯ ಮೇಲಿತ್ತು. "ಬೆನ್ನಿಂದೆ ಅಲ್ಲ, ಮುಂದೆ. ಕಣ್ಣೆದುರ್ಗೆ."

ಶಿವಾನಿಗೆ ಅರ್ಥವಾಗಲಿಲ್ಲ. ಅವರನ್ನು ಇಳಿಸಿ ತಾನು ಕೂತು ಕೇಳಿದಳು. ಮೈಕು ನಿಲ್ಲಿಸಿ ನೋಡಿದಳು. ಹಳ್ಳ ತುಂಬಿತ್ತು. ಇಳಿದು ಹೋಗಿ ಡಿಕ್ಕಿ ತೆಗೆದು ಬಗ್ಗಿದಳು. ಅವಳು ಟೇಪನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ ಒತ್ತುವವಳು. ಅಲ್ಲಿ ತುದಿ ಉಗುರಿನಷ್ಟು ಮಡಚಿತ್ತು. ತಲೆ ಎತ್ತಿ ನೇರ ಮಣಿಕಂಠನನ್ನೇ ನೋಡಿದಳು.

ಅವನ ಎದೆಯೊಳಗೇ ತಮಟೆ ಶುರುವಾಯಿತು. ಏನೆಂದು ಕೂಗಾಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ಎಂಟು ಗಾಡಿ ತಂದವನು ನಾನು, ಎಂಬಲ್ಲಿಂದ ಶುರು ಮಾಡುವುದು.

"ಇದು ನಾನು ಮಾಡಿದ್ದಲ್ಲ ಸರ್," ಎಂದಳು ಶಿವಾನಿ ಅನಂತರಾಜುವಿಗೆ, ಮುನಿಕೃಷ್ಣಪ್ಪನವರಿಗೂ ಕೇಳಿಸುವ ಹಾಗೆ. "ಬಾಗಿಲ ಸೌಂಡು ಮುಂದಿಂದ, ವೂಫರ್‌ದು ಹಿಂದಿಂದ. ಸೀಟಿಗೆ ಬರೋಷ್ಟ್ರಲ್ಲಿ ಎರಡೂ ಎದುರುಬದುರಾಗಿ ಹೊಡೆದಾಡ್ತಿದ್ವು. ಮಣಿ ವೂಫರ್ ತಂತಿ ತಿರುಗಿಸಿದಾನೆ, ಎರಡೂ ಜೊತೆಯಾಗಿವೆ. ನಾನು ಸ್ಕ್ರೀನೇ ನೋಡ್ತಾ ಕೂತಿದ್ದೆ, ತಂತಿ ಮುಟ್ಟಿ ನೋಡ್ಲೇ ಇಲ್ಲ."

ಮುನಿಕೃಷ್ಣಪ್ಪ ಬಂದು ಮಣಿಕಂಠನ ಬೆನ್ನಿನ ಮೇಲೆ ಗುದ್ದಿ, ನಿಂದು ಅಂತಿಂಥ ಕಿವಿಯಲ್ಲ ಕಣಪ್ಪ ಎಂದರು. ಅನಂತರಾಜು ಅವನನ್ನು ಮಧ್ಯದಲ್ಲಿ ನಿಲ್ಲಿಸಿ ಫೋಟೊ ತೆಗೆದ. ಈ ಸಲ ಮುಖ ಬಂತು. ಎಂಟು ತಿಂಗಳಿಂದ ಬೇಕೆಂದು ಕುದಿದದ್ದೆಲ್ಲ ಒಂದೇ ನಿಮಿಷದಲ್ಲಿ ಕೈಗೆ ಬಂತು, ಅದೂ ಅವಳ ಕೈಯಿಂದ. ಹಿಡಿದುಕೊಳ್ಳಲು ಆಗಲಿಲ್ಲ.

ಗಾಡಿ ಹೋದ ಮೇಲೆ ಶಿವಾನಿ ಹತ್ತಿರ ಬಂದು, ಹೇಗೆ ಗೊತ್ತಾಯಿತು ಎಂದು ಕೇಳಿದಳು. ಕುಹಕವಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ಅದೇ ಅವನಿಗೆ ಉರಿಯಿತು.

"ಕಿವಿಗೆ ಗೊತ್ತಾಗುತ್ತೆ," ಎಂದ.

ಅವಳು ತನ್ನ ನೀಲಿ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಅವನು ಓರೆಗಣ್ಣಲ್ಲಿ ಓದಿದ. 'ಮಣಿಯ ಪಾಠ: ಹಳ್ಳ ತುಂಬದಿದ್ದರೆ ಮೊದಲು ವೂಫರ್ ತಂತಿ ತಿರುಗಿಸಿ, ಡ್ರೈವರ್ ಸೀಟಿನಲ್ಲಿ ಗಾಜು ಹಾಕಿ ಕೇಳಬೇಕು.' ಆ ಸಾಲಿನಲ್ಲಿದ್ದ ಮಣಿ ಎಷ್ಟು ಬುದ್ಧಿವಂತ. ಇಷ್ಟು ದಿನ ಶಿವಾನಿಯ ಮೇಲೆ ಉರಿಯುತ್ತಿದ್ದ ಹೊಟ್ಟೆ ಈಗ ಆ ಸಾಲಿನ ಮಣಿಯ ಮೇಲೆ ಉರಿಯತೊಡಗಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವನು ಅಂಗಡಿ ಹಿಂದೆ ನಿಂತಿದ್ದ ಅನಂತರಾಜುವಿನ ಹಳೆಯ ಕಾರಿಗೆ ಹೋದ. ಅದರಲ್ಲೂ ಡಿಕ್ಕಿಯಲ್ಲಿ ವೂಫರ್ ಇತ್ತು. ಟೇಪಿನ ತುದಿ ಹಿಡಿದು ಬಿಚ್ಚಿದ, ತಂತಿ ತಿರುಗಿಸಿದ, ಮುಂದೆ ಬಂದು ಗಾಜು ಹಾಕಿಕೊಂಡು ಕೂತು ಕೇಳಿದ. ಏನೂ ಗೊತ್ತಾಗಲಿಲ್ಲ. ಹಿಂದೆ ಹೋದ, ಮತ್ತೆ ತಿರುಗಿಸಿದ, ಮುಂದೆ ಬಂದ. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಸ್ಟೀರಿಂಗಿಗೆ ಒಮ್ಮೆ ಗುದ್ದಿದ. ಐದನೇ ಸಲ ಕಣ್ಣು ಮುಚ್ಚಿ ಕೂತಾಗ ಬೇಸು ಬೆನ್ನಿನಿಂದ ಎದ್ದು, ಭುಜ ದಾಟಿ, ಮುಂದಿನ ಗಾಜಿನ ಹತ್ತಿರ ಹೋಗಿ ನಿಂತಿತು.

ಕಣ್ಣು ತೆರೆದರೆ ಕಾರಿನ ಪಕ್ಕದಲ್ಲಿ ಶಿವಾನಿ. ಒಂದು ಕೈಯಲ್ಲಿ ಟಿಫಿನ್ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವನು ಗಾಜು ಇಳಿಸಿದ.

"ಎಷ್ಟನೇ ಸಲಕ್ಕೆ ಕೇಳಿಸ್ತು?" ಎಂದಳು.

"ಐದನೇದಕ್ಕೆ."

"ಬೆಳಿಗ್ಗೆ?"

ಅವನು ಸ್ಟೀರಿಂಗ್ ನೋಡಿದ. "ಬೆಳಿಗ್ಗೆ ಕೇಳ್ಲೇ ಇಲ್ಲ. ಕೆಡ್ಸಕ್ಕೆ ತಿರುಗ್ಸಿದ್ದು."

ಅವಳು ಡಬ್ಬಿಯನ್ನು ಕಾರಿನ ಮೇಲಿಟ್ಟು, ಬ್ಯಾಗಿನಿಂದ ನೀಲಿ ನೋಟ್‌ಬುಕ್ ತೆಗೆದು, ಆ ಪುಟ ಹುಡುಕಿ, 'ಮಣಿಯ ಪಾಠ' ಎಂಬ ಎರಡು ಪದಗಳನ್ನು ಮಾತ್ರ ಹೊಡೆದುಹಾಕಿದಳು. ಉಳಿದ ಸಾಲನ್ನು ಹಾಗೇ ಬಿಟ್ಟಳು.