ಟ್ಯಾಬಿಥಾಳ ಅಡುಗೆಮನೆಯ ಮಕ್ಕಳು

ಸಾವಿನ ಮನೆಯವರು ಕಳಿಸಿದ ಬಿಳಿ ಕೈಗವಸಿನೊಳಗೆ ಬೆರಳು ತುರುಕುತ್ತಲೇ ಡಾರ್ಕಸ್ ಟ್ಯಾಬಿಥಾಳ ಶವಪೆಟ್ಟಿಗೆಯ ಹಿಂದೆ ಹೆಜ್ಜೆ ಹಾಕಿದಳು. ಕೈಗವಸು ಬಂದರೆ ಕರೆ ಬಂದ ಹಾಗೆ. ಹೋಗದಿದ್ದರೆ ಊರು ಸುಮ್ಮನಿರುತ್ತದೆಯೇ?

ಮುಂದೆ ಸತ್ತವಳ ಶಾಲೆಯ ಮಕ್ಕಳು, ಮೂಗೊರೆಸಿಕೊಳ್ಳುತ್ತ.

"ನೋಡ್ರೀ ಡಾರ್ಕಸಕ್ಕ," ಟ್ಯಾಬಿಥಾಳ ನೆರೆಮನೆಯ ಜೂಡಿತ್ ಪಿಸುಗುಟ್ಟಿದಳು. "ಹೆತ್ತವಳು ಸತ್ರೂ ಇವು ಹಿಂಗೆ ಅಳಲ್ಲ."

"ಅಳ್ದೆ ಏನ್ಮಾಡ್ತಾವೆ? ಪಾಠಕ್ಕಿಂತ ಮೆಕ್ಕೆಜೋಳದ ರೊಟ್ಟಿನೇ ಜಾಸ್ತಿ ತಿನ್ನಿಸ್ತಿದ್ಲು."

"ನೀವು ಬೆತ್ತದೇಟು ತಿನ್ನಿಸ್ತಿದ್ರಲ್ಲ, ಅದಕ್ಕೇ ಓಡಿಬಂದ್ವು!" ಜೂಡಿತ್ ನಗು ತಡೆಯಲು ಬಾಯಿಗೆ ಕೈ ಒತ್ತಿಕೊಂಡಳು.

\* \* \*

ಇಬ್ಬರದೂ ಮನೆಯ ಒಲೆ ಪಕ್ಕದಲ್ಲೇ ಮಕ್ಕಳಿಗೆ ಅಕ್ಷರ ಕಲಿಸುವ ಅಡುಗೆಮನೆಯ ಶಾಲೆಯೇ. ಮ್ಯಾಸಚೂಸೆಟ್ಸಿನ ಆ ಊರಲ್ಲಿ ಹೊಳೆಯ ಈಚೆಗೆ ಡಾರ್ಕಸ್, ಆಚೆಗೆ ಟ್ಯಾಬಿಥಾ. ವರ್ಷಗಳ ಹಿಂದೆ, ಊರ ಖರ್ಚಿನ ಬೇಸಿಗೆ ಶಾಲೆಯನ್ನು ಇಬ್ಬರಲ್ಲಿ ಒಬ್ಬಳಿಗೇ ಕೊಡುತ್ತೇವೆಂದು ಊರ ಹಿರಿಯರು ನೋಡಲು ಬಂದ ದಿನ, ಡಾರ್ಕಸ್ ಇಂಗ್ಲೆಂಡಿನ ಹಡಗಿನಲ್ಲಿ ತರಿಸಿದ ಅಕ್ಷರದ ಹಲಗೆಗಳನ್ನು ತಿಕ್ಕಿ, ಮಗುವಿಗೊಂದರಂತೆ ಕೊಟ್ಟು ಸಾಲಾಗಿ ಕೂರಿಸಿದ್ದಳು.

"ಹಲಗೆ ಚೆಂದಾಗಿದೆ ತಾಯಿ," ಎಂದಿದ್ದ ಹಿರಿಯ ಎಫ್ರೇಮ್. "ಆದ್ರೆ ಮಕ್ಕಳು ನಿನ್ನ ಕಂಡ್ರೆ ತೋಳ ಕಂಡ ಕುರಿ ಹಂಗೆ ಆಡ್ತಾವಲ್ಲ!"

ಶಾಲೆ ಆಚೆ ದಂಡೆಗೆ ಹೋಯಿತು. ಅಲ್ಲಿಂದ ಓದಿನ ದನಿ ತೇಲಿಬಂದಾಗಲೆಲ್ಲ ಡಾರ್ಕಸ್ ಕಿಟಕಿ ಮುಚ್ಚುವಳು. ಸುಡುವ ಸೆಕೆಯಲ್ಲೂ.

\* \* \*

ಮಣ್ಣು ಮುಗಿಸಿ ಬಂದ ಮೇಲೆ ಟ್ಯಾಬಿಥಾಳ ಅಡುಗೆಮನೆಯಲ್ಲಿ ಎಲ್ಲರಿಗೂ ಸೇಬಿನ ಮದ್ಯ ಕೊಟ್ಟರು. ಡಾರ್ಕಸ್ ಬೇಕೆಂದೇ ಸತ್ತವಳ ಕುರ್ಚಿಯಲ್ಲಿ ಕೂತಳು.

"ಇನ್ನು ಶಾಲೆ ನಿನ್ನದೇ ಡಾರ್ಕಸಮ್ಮ," ಎಂದ ಎಫ್ರೇಮ್. "ಬೇರೆ ಯಾರಿದಾರೆ?"

ವರ್ಷಗಟ್ಟಲೆ ಕಾದ ಮಾತು. ಆ 'ಬೇರೆ ಯಾರಿದಾರೆ' ಮಾತ್ರ ಚುಚ್ಚಿತು. ಅವಳು ಪಕ್ಕದಲ್ಲಿದ್ದ ಓದುಪುಸ್ತಕವನ್ನು ಪೇಶನ್ಸ್ ಎಂಬ ಪುಟ್ಟ ಹುಡುಗಿಯ ಕೈಗೆ ತುರುಕಿದಳು.

"ಓದೇ. ನಿಮ್ಮ ಟ್ಯಾಬಿಥಾ ಏನ್ ಕಲಿಸಿದ್ದಾಳೋ ಎಲ್ರೂ ಕೇಳ್ಲಿ."

ಹುಡುಗಿ ಪುಟ ನೋಡಿ ತಡವರಿಸಿದಳು. ಒಂದಕ್ಷರ ಹೊರಡಲಿಲ್ಲ. ಡಾರ್ಕಸಳ ಎದೆ ಉಬ್ಬಿತು. ಅಷ್ಟರಲ್ಲಿ ಮಗು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನೀರು ಕುಡಿದಂತೆ ಓದತೊಡಗಿತು.

"ಇದೇನೇ ಇದು!" ಎಂದಳು ಡಾರ್ಕಸ್.

"ಇದ್ದಿದ್ದೊಂದೇ ಪುಸ್ತಕ," ಜೂಡಿತ್ ಕಣ್ಣೊರೆಸಿಕೊಂಡಳು. "ಅವಳ ತೊಡೆ ಮೇಲಿರ್ತಿತ್ತು. ಇವು ಎದುರಿಗೆ ಕೂತು ನೋಡ್ತಿದ್ವು. ಎಲ್ಲಾ ಹಂಗೇ ಓದ್ತಾವೆ, ಬೇಕಾದ್ರೆ ಕೇಳಿ."

ಡಾರ್ಕಸ್ ಪುಸ್ತಕ ಕಿತ್ತು ನೆಟ್ಟಗೆ ಮಾಡಿ ಕೊಟ್ಟಳು. ಹುಡುಗಿ ತಿರುಗಿಸಿದಳು. ಇವಳು ಮತ್ತೆ ನೆಟ್ಟಗೆ ಮಾಡಿದಳು.

ಆಗ ಮಗು ಪುಸ್ತಕವನ್ನು ಡಾರ್ಕಸಳ ತೊಡೆಯ ಮೇಲಿಟ್ಟು, ಎದುರಿಗೆ ನೆಲದಲ್ಲಿ ಕೂತು, ಅವಳ ಮೊಣಕಾಲಿಗೆ ಗಲ್ಲ ಆನಿಸಿ ಓದಿತು. ಉಳಿದ ಮಕ್ಕಳೂ ಬೆಂಚಿನಿಂದ ಒಂದೊಂದಾಗಿ ಇಳಿದು ಬಂದು ಒತ್ತಿಕೊಂಡವು. ಡಾರ್ಕಸ್ ಕಾಲು ಕದಲಿಸಲಿಲ್ಲ. ಓದುವ ಆ ಕಣ್ಣುಗಳಲ್ಲಿ ಒಂದಾದರೂ ಅವಳ ಮುಖದತ್ತ ಏಳಲಿಲ್ಲ.